ಬಾಯಿಯ ಬಿಗಿತದ ಬಯಾಪ್ಸಿಯಲ್ಲಿ 1ಎ4 ಪ್ರತಿಕಾಯ: ಕಂದುಬಣ್ಣವನ್ನು ಓದುವ ಬಗೆ

“ಬಾಯಿ ತೆಗ್ಯಾಕ ಬರವಲ್ದ್ರಿ, ಖಾರ ತಿಂದ್ರ ಉರಿತೈತ್ರಿ.” ಹುಬ್ಬಳ್ಳಿಯ ಕಿಮ್ಸ್‌ನಲ್ಲಾಗಲಿ, ಧಾರವಾಡ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ ಹೊರರೋಗಿ ವಿಭಾಗದವರಿಗೆ ಈ ದೂರು ಹೊಸದಲ್ಲ. ಅಡಿಕೆ, ಗುಟಕಾ ಅಗಿಯುವವರಲ್ಲಿ ಕಾಣುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದು. ಕರ್ನಾಟಕದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಬಾಯಿಯಲ್ಲೇ ಬೆರೆಯತೊಡಗಿದವು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಎರ್ನಾಕುಲಂನಲ್ಲಿ ಈ ರೋಗಿಗಳನ್ನು 17 ವರ್ಷ ಗಮನಿಸಿದಾಗ ಶೇಕಡಾ 7.6 ಮಂದಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು.

ಅಡಿಕೆಯ ಅರೆಕೋಲಿನ್ ಲೋಳೆಪೊರೆಯಡಿಯ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ಹೇರಳವಾಗಿರುವ ತಾಮ್ರವು ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೆ ಬೇಕಾದದ್ದು. ಆ ಕಿಣ್ವ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಇದರ ನಡುವೆ ಕೆಲವು ಫೈಬ್ರೋಬ್ಲಾಸ್ಟ್‌ಗಳು ಸ್ನಾಯುವಿನ ಗುಣ ಪಡೆದು ಸಂಕುಚಿಸತೊಡಗುತ್ತವೆ. ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ಮಾಯುವ ಗಾಯದಲ್ಲಿ ಮೊದಲು ವಿವರಿಸಿದ ಮಯೋಫೈಬ್ರೋಬ್ಲಾಸ್ಟ್‌ಗಳು ಇವೇ. ಮಾಮೂಲಿ ಬಣ್ಣದಲ್ಲಿ ಇವು ನೆರೆಯ ಕೋಶಗಳಂತೆಯೇ ತೋರುತ್ತವೆ. ಗುರುತು ಇರುವುದು ಕೋಶದ ಹಂದರದಲ್ಲಿ, ಆಲ್ಫಾ ಮೃದುಸ್ನಾಯು ಆಕ್ಟಿನ್ ಎಂಬ ಪ್ರೋಟೀನಿನಲ್ಲಿ.

ಕಶೇರುಕಗಳಲ್ಲಿ ಆಕ್ಟಿನ್ ಆರು ಬಗೆ. ಸುಮಾರು 375 ಅಮೈನೋ ಆಮ್ಲಗಳ ಸರಪಳಿಯಲ್ಲಿ ಅವುಗಳ ವ್ಯತ್ಯಾಸ ಬಲು ಸ್ವಲ್ಪ, ಅದರಲ್ಲೂ ಹೆಚ್ಚಿನದು ಆರಂಭದ ತುದಿಯಲ್ಲಿ. ಜಿನೀವಾದ ಸ್ಕಲ್ಲಿ, ಗಬ್ಬಿಯಾನಿ ಮತ್ತು ಸಹೋದ್ಯೋಗಿಗಳು ಆ ತುದಿಯ ಹತ್ತು ಅಮೈನೋ ಆಮ್ಲಗಳನ್ನಷ್ಟೇ ಪ್ರಯೋಗಾಲಯದಲ್ಲಿ ಕಟ್ಟಿ ಇಲಿಗೆ ಚುಚ್ಚಿದರು. ಕೋಲರ್ ಮತ್ತು ಮಿಲ್ಸ್ಟೀನ್ 1975ರಲ್ಲಿ ತೋರಿಸಿದ ಹೈಬ್ರಿಡೋಮಾ ವಿಧಾನದಿಂದ 1ಎ4 ಕ್ಲೋನ್ ಪಡೆದು 1986ರಲ್ಲಿ ಪ್ರಕಟಿಸಿದರು. ಇದು ಹಿಡಿಯುವುದು ಅಸಿಟೈಲ್ ಗುಂಪು ಹೊತ್ತ ಮೂರು ಗ್ಲುಟಾಮಿಕ್ ಆಮ್ಲ, ಒಂದು ಆಸ್ಪಾರ್ಟಿಕ್ ಆಮ್ಲದ ಸಾಲನ್ನು. ಗಾಮಾ ಮೃದುಸ್ನಾಯು ಆಕ್ಟಿನ್ನಿನಲ್ಲೂ ಮೊದಲ ಮೂರು ಅವೇ. ನಾಲ್ಕನೆಯ ಜಾಗದಲ್ಲಿ ಥ್ರಿಯೋನಿನ್ ಇದೆ. ಆ ಒಂದು ಅಮೈನೋ ಆಮ್ಲದ ವ್ಯತ್ಯಾಸವನ್ನು ಪ್ರತಿಕಾಯ ಬಿಡದೆ ಗುರುತಿಸುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಫಾರ್ಮಲಿನ್ ಮುಖ್ಯವಾಗಿ ಕಚ್ಚಿಕೊಳ್ಳುವ ಲೈಸಿನ್ ಈ ತುದಿಯಲ್ಲಿ ಇಲ್ಲ. ಫಾರ್ಮಲಿನ್‌ನಲ್ಲಿಟ್ಟ ತುಣುಕಿನಲ್ಲೂ 1ಎ4 ಚೆನ್ನಾಗಿ ಕೆಲಸ ಮಾಡಲು ಬಹುಶಃ ಇದೂ ಒಂದು ಕಾರಣ.

ಪ್ರತಿಕಾಯ ಅಂಟಿದ ಜಾಗವನ್ನು ಡಿಎಬಿ ಎಂಬ ಬಣ್ಣಕ ಕಂದಾಗಿಸುತ್ತದೆ. ಆದರೆ ಕಂದುಬಣ್ಣ ಬಂದದ್ದೆಲ್ಲ ಮಯೋಫೈಬ್ರೋಬ್ಲಾಸ್ಟ್ ಅಲ್ಲ. ರಕ್ತನಾಳದ ಗೋಡೆ, ಲೋಮನಾಳದ ಪೆರಿಸೈಟ್‌ಗಳು, ಕಿರು ಲಾಲಾಗ್ರಂಥಿಯ ಮಯೋಎಪಿಥೀಲಿಯಲ್ ಕೋಶಗಳು, ಇವೆಲ್ಲವೂ ಬಣ್ಣ ಹಿಡಿಯುತ್ತವೆ. ನಮ್ಮ ರೋಗಿಗಳಲ್ಲಿ ಇನ್ನೊಂದು ತೊಡಕಿದೆ. ಬಾಯಿಯ ಲೋಳೆಪೊರೆಯಲ್ಲಿ ಮೆಲನಿನ್ ಸಹಜವಾಗಿಯೇ ಹೆಚ್ಚು. ಕೆಳಪದರಕ್ಕೆ ಇಳಿದ ಮೆಲನಿನ್ ನುಂಗಿದ ಕೋಶಗಳು ಡಿಎಬಿಯ ಕಂದಿಗೆ ಬಹಳ ಹತ್ತಿರ ಕಾಣುತ್ತವೆ. ತಟಸ್ಥಗೊಳಿಸದ ಫಾರ್ಮಲಿನ್ ಹುಳಿಯಾದರೆ ಅದೂ ಕಂದುಗಪ್ಪು ಕಣಗಳನ್ನು ಉಳಿಸುತ್ತದೆ. ಆದ್ದರಿಂದ ಪ್ರತಿಕಾಯ ಹಾಕದ ಪಕ್ಕದ ಸೀಳನ್ನು ನೋಡದೆ ಮಯೋಫೈಬ್ರೋಬ್ಲಾಸ್ಟ್‌ಗಳ ಎಣಿಕೆಗೆ ಕೂರಬಾರದು. ಕೆಂಪು ಬಣ್ಣ ಕೊಡುವ ಎಇಸಿ ಬಳಸಿದರೆ ಗೊಂದಲ ಇನ್ನೂ ಕಡಿಮೆ.

ಇದಕ್ಕಿಂತ ಗಂಭೀರವಾದದ್ದು ಬಣ್ಣ ಬಾರದ ಸ್ಲೈಡಿನ ಪ್ರಶ್ನೆ. ಸಾಮಾನ್ಯವಾಗಿ ಅದೇ ಸ್ಲೈಡಿನ ರಕ್ತನಾಳಗಳು ಕಂದಾಗಿದ್ದರೆ ಪರೀಕ್ಷೆ ಸರಿಯಾಗಿದೆ ಎನ್ನುತ್ತೇವೆ. ಒಳಗಿನ ಕಂಟ್ರೋಲ್ ಅದು. ಆದರೆ ಪಿಂಡ್‌ಬೋರ್ಗ್ ಮತ್ತು ಸಿರಸಾಟ್ 1966ರಲ್ಲೇ ವಿವರಿಸಿದಂತೆ, ಈ ರೋಗದ ಕೊನೆಯ ಹಂತದಲ್ಲಿ ಕೊಲಾಜನ್ ಗಾಜಿನಂತೆ ನಯವಾಗಿ ಹೆಪ್ಪುಗಟ್ಟುತ್ತದೆ, ಫೈಬ್ರೋಬ್ಲಾಸ್ಟ್‌ಗಳು ಬಹುಮಟ್ಟಿಗೆ ಮರೆಯಾಗುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ ಇಲ್ಲವೆ ಮುಚ್ಚುತ್ತವೆ. ಯಾವ ಹಂತದಲ್ಲಿ ಎಣಿಕೆಯ ಮೇಲೆ ಸಂಶಯ ಹೆಚ್ಚಬೇಕೋ ಅದೇ ಹಂತದಲ್ಲಿ ಒಳಗಿನ ಸಾಕ್ಷಿಯೂ ಇಲ್ಲವಾಗುತ್ತದೆ. 2011ರಲ್ಲಿ ಪ್ರಕಟವಾದ ಬೆಳಗಾವಿ ಸಂಶೋಧಕರ ಅಧ್ಯಯನ, ಆರಂಭದ ಹಂತಕ್ಕಿಂತ ಮುಂದುವರಿದ ಹಂತದಲ್ಲಿ ಮಯೋಫೈಬ್ರೋಬ್ಲಾಸ್ಟ್ ಹೆಚ್ಚೆಂದು ತೋರಿಸಿದೆ. ಅದನ್ನು ನಾನು ಒಪ್ಪುತ್ತೇನೆ. ಪೂರ್ತಿ ಹೆಪ್ಪುಗಟ್ಟಿದ ತುಣುಕುಗಳನ್ನು ಮಾತ್ರ ಬೇರೆಯಾಗಿಯೇ ಎಣಿಸಬೇಕೆಂಬುದು ನನ್ನ ನಿಲುವು. ಎರಡನ್ನೂ ಒಂದೇ ಗುಂಪಿಗೆ ಹಾಕಿದರೆ ಒಂದರ ಏರಿಕೆಯಲ್ಲಿ ಇನ್ನೊಂದರ ಇಳಿಕೆ ಮುಚ್ಚಿಹೋಗುತ್ತದೆ.

ಪರಿಹಾರ ದುಬಾರಿಯಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಪೆಂಡಿಕ್ಸ್‌ನ ಗೋಡೆಯಲ್ಲಿ ಮೃದುಸ್ನಾಯು ಧಾರಾಳವಾಗಿದೆ. ಅದರ ಒಂದು ಸಣ್ಣ ಸೀಳನ್ನು ರೋಗಿಯ ತುಣುಕಿನ ಪಕ್ಕದಲ್ಲಿ, ಅದೇ ಗಾಜಿನ ಮೇಲೆ ಕೂರಿಸಿದರೆ ಎರಡಕ್ಕೂ ಒಂದೇ ಹನಿ ಪ್ರತಿಕಾಯ, ಒಂದೇ ಹೊತ್ತು. ಅಪೆಂಡಿಕ್ಸ್ ಕಂದಾಗಿ ಬಾಯಿಯ ತುಣುಕು ಬೆಳ್ಳಗೆ ಉಳಿದರೆ ಕೋಶಗಳಿಲ್ಲ ಎಂದು ಬರೆಯುವ ಧೈರ್ಯ ಬರುತ್ತದೆ. ಆದರೆ ಆ ಕಂದು ಸಾಕ್ಷಿ ಹೇಳುವುದು ಪ್ರತಿಕಾಯದ ಬಗ್ಗೆ ಮಾತ್ರ. ಗದಗ, ಹಾವೇರಿ ಕಡೆಯಿಂದ ಬರುವ ತುಣುಕು ಫಾರ್ಮಲಿನ್‌ಗೆ ಬೀಳುವ ಮುನ್ನ ಎಷ್ಟು ಹೊತ್ತು ಹೊರಗಿತ್ತೆಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಬಯಾಪ್ಸಿ ತೆಗೆದ ಸಮಯ ಮತ್ತು ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಬಾಟಲಿಯ ಚೀಟಿಯ ಮೇಲೆಯೇ ಬರೆದು ಕಳಿಸಬೇಕು, ಸ್ನಾತಕೋತ್ತರ ಪ್ರಬಂಧದಲ್ಲಿ ಕ್ಲೋನ್, ಬ್ಯಾಚ್, ಎಷ್ಟು ತೆಳುಗೊಳಿಸಿದ್ದು ಎಂಬ ವಿವರಗಳ ಜೊತೆಗೆ ಅವೂ ಅಚ್ಚಾಗಬೇಕು.