ಬೊಕ್ಕತಲಿ ಯಾರ ತಪ್ಪು? (ತಲಿ ಮ್ಯಾಲಿನ ಇತಿಹಾಸ, ಭಾಗ 3)

ಮೊದಲು ಫೋಟೋ ನೋಡ್ರಿ. ಹೌದು, ಈ ಸಲ ಕ್ಯಾಪ್ ಇಲ್ಲ.

ಇಪ್ಪತ್ತಕ್ಕ ನನ್ನ ಹಣೆ ಹಿಂದಕ್ಕ ಸರಿಯಾಕ ಹತ್ತೇತಿ. "ನೀರು ಸರಿ ಇಲ್ಲ", "ಹೆಲ್ಮೆಟ್ ಹಾಕ್ತೀಯಲ್ಲ, ಅದಕ್ಕ" ಅಂತ ಎಲ್ಲರೂ ಒಂದೊಂದು ಕಾರಣ ಹೇಳಿದ್ರು. ಅಪ್ಪ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹಾಕಿ ತಂದ ರೊಕ್ಕದಾಗ ಮೂರು ಸಾವಿರ ನನ್ನ ಎಣ್ಣಿಗೇ ಹೋತು. ಕೂದಲು ಬರಲಿಲ್ಲ. ಆಮೇಲೆ ಓದಾಕ ಕುಂತೆ.

ಆಯುರ್ವೇದದ ಚರಕ ಸಂಹಿತೆ ಇದನ್ನು 'ಖಾಲಿತ್ಯ' ಎಂದು ಕರೆದು, ದೇಹದ ಉಷ್ಣ ಕೂದಲಿನ ಬುಡ ಸುಡುತ್ತದೆ ಎಂದಿತು. ವೃಷಣ ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರುವುದಿಲ್ಲ ಎಂಬ ಮಾತು ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿದೆ. ಅದು ಯಾಕಂತ 1942ರಲ್ಲಿ ತೋರಿಸಿದವನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರ ತಲೆ ಬೋಳಾಗಿರಲಿಲ್ಲ. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಉದುರಿತು.

ಅಂದ್ರ ಬೀಜವೂ ಬೇಕು, ನೀರೂ ಬೇಕು. ರಾಣೇಬೆನ್ನೂರಿನ ಬೀಜದ ವ್ಯಾಪಾರ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೀಜ ವಂಶವಾಹಿ, ನೀರು ಹಾರ್ಮೋನು. "ತಾಯಿ ಕಡೆ ಅಜ್ಜನ ತಲಿ ನೋಡಿದ್ರ ಸಾಕು" ಅನ್ನೋದು ಅರ್ಧ ಖರೇ. ಮುಖ್ಯವಾದದ್ದೊಂದು ತಾಯಿಯಿಂದ ಬರ್ತೈತಿ, ಉಳಿದವು ಎರಡೂ ಕಡೆಯಿಂದ.

ಔಷಧದ ಕಥಿ ಇನ್ನೂ ಮಜಾ ಐತಿ. ಮಿನಾಕ್ಸಿಡಿಲ್ ಮೊದಲು ಬಿಪಿ ಗುಳಿಗಿ. ನುಂಗಿದವರ ಮೈಮ್ಯಾಲೆ ಕೂದಲು ಬೆಳೆದವು! ಅದನ್ನೇ ತಲೆಗೆ ಹಚ್ಚುವ ಔಷಧವಾಗಿಸಿ 1988ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 1997ರಲ್ಲಿ ಫಿನಾಸ್ಟರೈಡ್ ಗುಳಿಗೆ ಬಂತು. ಕೂದಲಿನ ಬುಡ ಸಣ್ಣ ಮಾಡುವುದು ಡಿಎಚ್‌ಟಿ. ಟೆಸ್ಟೋಸ್ಟೆರಾನ್ ಡಿಎಚ್‌ಟಿ ಆಗುವುದನ್ನು ಈ ಗುಳಿಗೆ ತಡೆಯುತ್ತದೆ. ಎರಡಕ್ಕೂ ತಿಂಗಳುಗಟ್ಟಲೆ ತಾಳ್ಮೆ ಬೇಕು. ಬಿಟ್ಟರೆ ಉಳಿಸಿಕೊಂಡದ್ದೂ ಹೋಗುತ್ತದೆ. ಅಡ್ಡಪರಿಣಾಮವೂ ಇವೆ, ಅದಕ್ಕ ಚರ್ಮದ ಡಾಕ್ಟರ್‌ನ ಕೇಳದ ಮುಟ್ಟಬ್ಯಾಡ್ರಿ.

ಇನ್ನೊಂದು ಇತಿಹಾಸ ನಮ್ಮ ಕನ್ನಡದ್ದೇ. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿ, ಬೊಕ್ಕತಲೆಯ ಕನ್ನಡ ಲೆಕ್ಚರರ್ ಪಾತ್ರವನ್ನ ತಾವೇ ಮಾಡಿದರು. ಅಲ್ಲಿತನಕ ನಗೋದಕ್ಕಷ್ಟೇ ಇದ್ದ ತಲಿ, ಹೀರೋನ ತಲಿ ಆತು. ಆ ಸಿನಿಮಾ ನೋಡಿದ ರಾತ್ರಿ ಅಪ್ಪನ ತಲಿ ನೋಡಿದೆ. ಅಪ್ಪ ನಕ್ಕ: "ನಂದ ಆಸ್ತಿ ನಿನಗ ಬರಬೇಕಲ್ಲೋ."

ಎಣ್ಣಿ ರೊಕ್ಕ ವಾಪಸ್ ಬರಂಗಿಲ್ಲ. ನೀವರ ಉಳಿಸ್ಕೊಳ್ರಿ. ಕ್ಯಾಪ್ ಹಾಕ್ಕೊಂಡ ಗೆಳೆಯ ಯಾರರ ಇದ್ರ ಅವಗ ಇದನ್ನ ಕಳಸ್ರಿ, ನಗಬ್ಯಾಡ್ರಿ.