ಹುಂಡಿಯಿಂದ ಪಿನ್ನಿನವರೆಗೆ

ಕೊಲ್ಹಾಪುರಿ ಎಂದು ಲೋಕ ಕರೆಯುವ ಚಪ್ಪಲಿಯಲ್ಲಿ ನಮ್ಮ ಅಥಣಿಯ ಪಾಲು ಎಷ್ಟೆಂಬುದು ಬಲ್ಲವರಿಗೆ ಗೊತ್ತು. 2019ರಲ್ಲಿ ಆ ಹೆಸರಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ ಮೊದಲಾದ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಆ ಕಸುಬಿನ ಹಿರಿಯರೊಬ್ಬರು ನನಗೆ ಬಹುದಿನದ ಪರಿಚಿತರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಕಳೆದ ದಸರೆಯ ಹೊತ್ತಿಗೆ ಅವರಿಗೊಂದು ಫೋನು ಬಂದಿತು. ಅಂತರ್ಜಾಲದಲ್ಲಿ ಚಪ್ಪಲಿಯ ಚಿತ್ರ ಕಂಡೆ, 40 ಜೋಡು ಬೇಕು, ಮುಂಗಡ ಈಗಲೇ ಕಳಿಸುತ್ತೇನೆ ಎಂದನಂತೆ ಆ ಗಿರಾಕಿ. ಅವನು ಕಳಿಸಿದ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವುದೆಂದು ಮಾತು. ಕಾಕಾ ಒತ್ತಿದರು. ಬರಬೇಕಾದ ಹಣ ಬರಲಿಲ್ಲ. ಇದ್ದ 18 ಸಾವಿರ ಹೋಯಿತು.

“ರೊಕ್ಕ ಬರೂದಕ್ಕ ಪಿನ್ ಯಾಕ ಬೇಕ್ರಿ ಕಾಕಾ?” ಎಂದು ನಾನು ತುಸು ಸಿಟ್ಟಿನಿಂದಲೇ ಕೇಳಿದೆ.

“ನಮ್ಮವ್ವ ಮನಿಆರ್ಡರ್ ಬಂದ್ರ ಹೆಬ್ಬೆಟ್ಟ ಒತ್ತೇ ರೊಕ್ಕ ಇಸ್ಕೋತಿದ್ಲರಿ ಸರ. ನಾನೂ ಹಂಗ ಅನ್ಕೊಂಡೆ” ಎಂದರು.

ಈ ಮಾತು ನನ್ನ ಬಾಯಿ ಮುಚ್ಚಿಸಿತು. ಕಾಕಾ ದಡ್ಡರಲ್ಲ. ಒಂದು ಕಾಲದ ವಿವೇಕವನ್ನು ಇನ್ನೊಂದು ಕಾಲದ ಯಂತ್ರದ ಮುಂದೆ ನಡೆಸಹೋಗಿ ಮೋಸಹೋದವರು. ಹಾಗಾದರೆ ಆ ಹಳೆಯ ವಿವೇಕವೆಂಥದು?

ಕಾಣದವನೊಡನೆ ವ್ಯಾಪಾರ ಈ ನಾಡಿಗೆ ಹೊಸತಲ್ಲ. ನಿಪ್ಪಾಣಿಯ ತಂಬಾಕು ದೂರದ ಗಿರಾಕಿಗಳನ್ನು ನಂಬಿಯೇ ಬೆಳೆದುದು. ಬ್ಯಾಂಕುಗಳು ಹಬ್ಬುವ ಮೊದಲು ದೇಶದ ಪೇಟೆಪೇಟೆಗಳ ನಡುವೆ ಹಣವನ್ನು ಸಾಗಿಸಿದುದು ಹುಂಡಿ. ಅದನ್ನು ಬರೆಯುವುದರಲ್ಲಿಯೇ ಎಚ್ಚರವಿತ್ತು. ನೂರು ರೂಪಾಯಿಯ ಹುಂಡಿಯಾದರೆ ‘ನೂರು, ಅದರ ಅರ್ಧ ಐವತ್ತು, ಐವತ್ತರ ಇಮ್ಮಡಿ’ ಎಂಬ ರೀತಿಯಲ್ಲಿ ಬರೆಯುತ್ತಿದ್ದರು. ಒಂದಂಕೆ ತಿದ್ದಿದರೆ ಇನ್ನೊಂದು ಹಿಡಿದುಕೊಡಬೇಕು. ಶಾಹಜೋಗ ಹುಂಡಿಯ ಹಣ ಪೇಟೆಯಲ್ಲಿ ಹೆಸರುಳ್ಳ ಸಾಹುಕಾರನಿಗಲ್ಲದೆ ಸಲ್ಲದು. ಪಡೆದವನಾರೆಂದು ವಿಚಾರಿಸುವ ಹೊಣೆ ಕೊಡುವವನದು. ಹುಂಡಿ ಕಳವಿನದೋ ಖೊಟ್ಟಿಯೋ ಎಂದಾದರೆ ಹಣ ಮರಳಿಸುವ ಹೊಣೆ ಆ ಸಾಹುಕಾರನದು. ಜೋಖಮಿ ಹುಂಡಿಯಂತೂ ಸರಕು ಸುಖವಾಗಿ ತಲುಪಿದರೆ ಮಾತ್ರ ಸಲ್ಲತಕ್ಕದ್ದು.

ಬಳಿಕ ಬಂದಿತು ಅಂಚೆ. 1877ರಲ್ಲಿ ವಿ.ಪಿ.ಪಿ., 1880ರಲ್ಲಿ ಮನಿಆರ್ಡರು. ವಿ.ಪಿ.ಪಿ.ಯಲ್ಲಿ ಸರಕು ಬಾಗಿಲಿಗೆ ಬಂದ ಮೇಲೆಯೇ ಹಣ. ಆದರೆ ಹಣ ಕೊಟ್ಟ ಮೇಲೆಯೇ ಕಟ್ಟು ಬಿಚ್ಚಬೇಕು. ಆದುದರಿಂದ ಕಟ್ಟು ಬಿಚ್ಚಿ ಮೋರೆ ಸಣ್ಣದು ಮಾಡಿಕೊಂಡವರೂ ಉಂಟು. ಮನಿಆರ್ಡರಿನಲ್ಲಿ ಪಡೆಯುವವನೇ ಸಹಿ ಹಾಕಬೇಕು, ಇಲ್ಲವೆ ಹೆಬ್ಬೆಟ್ಟು ಒತ್ತಬೇಕು. ಆ ಹೆಬ್ಬೆಟ್ಟಿನ ಮುಂದೆ ಊರವರನ್ನೆಲ್ಲ ಬಲ್ಲ ಅಂಚೆಯವನೊಬ್ಬ ನಿಂತಿರುತ್ತಿದ್ದ.

ಈ ಎಲ್ಲ ಪದ್ಧತಿಗಳಿಗೂ ಸಮಾನವಾದ ಗುಣವೊಂದಿದೆ: ಅವು ನಿಧಾನ. ಆ ನಿಧಾನದಲ್ಲಿ ‘ನೀನಾರು? ಸರಕೆಲ್ಲಿ?’ ಎಂದು ಕೇಳಲು ಅವಕಾಶವಿತ್ತು. ಕೇಳುವವನೊಬ್ಬ ನಡುವೆ ಇರುತ್ತಿದ್ದ. 2016ರಲ್ಲಿ ಯುಪಿಐ ಬಂದ ಮೇಲೆ ಚಿಕ್ಕೋಡಿಯ ಚಹದ ಅಂಗಡಿಯಿಂದ ರಾಯಬಾಗದ ಸಂತೆಯವರೆಗೆ ಹಣ ಕಣ್ಣೆವೆ ಇಕ್ಕುವಷ್ಟರಲ್ಲಿ ಕೈ ಬದಲಾಯಿಸುತ್ತದೆ. ಕಾಗವಾಡದವರು ಪಕ್ಕದ ಮಿರಜಿಗೆ ಕೊಟ್ಟಂತೆಯೇ ಕಾಣದ ದೇಶಕ್ಕೂ ಕೊಡಬಲ್ಲರು. ಇದು ಉಪಕಾರವೇ ಸರಿ. ಬೇಡವೆನ್ನುವ ಪಂತೋಜಿ ನಾನಲ್ಲ. ಆದರೆ ನಡುವಿನವನು ಹೋದ ಮೇಲೆ ಅವನು ಕೇಳುತ್ತಿದ್ದ ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕು.

ಮೊದಲನೆಯದಾಗಿ, ಪಿನ್ ಎಂಬುದು ಪಡೆಯುವವನ ಹೆಬ್ಬೆಟ್ಟಲ್ಲ, ಕೊಡುವವನ ಸಹಿ. ಹಣ ಬರುವುದಕ್ಕೆ ಅದು ಎಂದೂ ಬೇಡ. ಓಟಿಪಿಯೂ ಅಂತೆಯೇ, ಬ್ಯಾಂಕಿನವನೆಂದು ಹೇಳಿಕೊಂಡು ಕೇಳಿದರೂ ಹೇಳತಕ್ಕದ್ದಲ್ಲ. ಎರಡನೆಯದು, ಸಹಿ ಹಾಕುವ ಮುನ್ನ ಪರದೆಯ ಮೇಲೆ ಮೂಡುವ ಹೆಸರನ್ನೂ ಮೊತ್ತವನ್ನೂ ಓದಬೇಕು. ಅದೇ ನಮ್ಮ ಶಾಹಜೋಗ. ಮೂರನೆಯದು, ಅರಿಯದ ಅಂಗಡಿಯಾದರೆ ಸರಕು ಕೈಗೆ ಬಂದ ಮೇಲೆ ಹಣ. ಅದು ನಮ್ಮ ಜೋಖಮಿ ಹುಂಡಿ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಅಂಗಡಿಯ ಒಳಹೊಗುವುದು ಬೇಡ. ಇಷ್ಟರ ಮೇಲೂ ಮೋಸವಾದರೆ ನಾಚಿಕೊಂಡು ಕೂಡದೆ ಕೂಡಲೇ ಬ್ಯಾಂಕಿಗೆ ತಿಳಿಸಿ 1930ಕ್ಕೆ ಫೋನು ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ಅದನ್ನು ತಡೆಹಿಡಿಯುವ ಆಸೆ ಉಂಟು.

ಕಾಕಾ ಎರಡು ದಿನ ಮನೆಯವರಿಗೂ ಹೇಳದೆ ಸುಮ್ಮನಿದ್ದರು. ಹಣ ಹಿಂದಕ್ಕೆ ಬರಲಿಲ್ಲ. ಮೊನ್ನೆ ಹೋದಾಗ ರಟ್ಟಿನ ತುಂಡೊಂದನ್ನು ನನ್ನ ಮುಂದಿಟ್ಟು, “ದೊಡ್ಡ ಅಕ್ಷರದಾಗ ಬರದ ಕೊಡ್ರಿ ಸರ, ನಮ್ಮ ಓಣ್ಯಾಗಿನ ಮಂದಿನೂ ಓದ್ಲಿ” ಎಂದರು. ಅವರು ಹೇಳಿದಂತೆಯೇ ಬರೆದುಕೊಟ್ಟೆ: ‘ಬರೂ ರೊಕ್ಕಕ್ಕ ಪಿನ್ ಇಲ್ಲ.’ ಈಗ ಅದು ಅವರ ಚಪ್ಪಲಿಗಳ ಮೇಲೆ, ಗೋಡೆಯಲ್ಲಿ ತೂಗುತ್ತಿದೆ.