ದೇವರ ಕಲ್ಪನೆ ಮತ್ತು ಸಮಾಜ (ಬಾಗಲಕೋಟೆ ಜಿಲ್ಲೆ)

ದೇವರ ಕಲ್ಪನೆ ಎಂದರೆ ಒಂದು ಸಮುದಾಯವು ದೇವರನ್ನು ಯಾವ ರೂಪದಲ್ಲಿ, ಯಾವ ಸ್ಥಳದಲ್ಲಿ ಮತ್ತು ತನ್ನೊಡನೆ ಯಾವ ಸಂಬಂಧದಲ್ಲಿ ಕಾಣುತ್ತದೆ ಎಂಬುದು. ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಹಾಗೂ ಸುತ್ತಲಿನ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಬಯಲಿನಲ್ಲಿ ಇಂತಹ ಹಲವು ಕಲ್ಪನೆಗಳು ಶತಮಾನಗಳಿಂದ ಒಟ್ಟಿಗೆ ನೆಲೆಸಿವೆ. ಗರ್ಭಗುಡಿಯ ದೇವರು, ಊರ ಗಡಿ ಕಾಯುವ ದೇವಿ, ಅಂಗೈಯಲ್ಲಿನ ಇಷ್ಟಲಿಂಗ, ಸೃಷ್ಟಿಕರ್ತನಲ್ಲದ ಜಿನ, ಸವದತ್ತಿಯ ಯಲ್ಲಮ್ಮ, ನಾಮಸ್ಮರಣೆಯಲ್ಲಿ ದೊರೆಯುವ ನಿರಾಕಾರ ತತ್ತ್ವ, ಮೊಹರಂ ಪಂಜಾ ಇವುಗಳಲ್ಲಿ ಮುಖ್ಯವಾದವು. ದೇವರು ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ದೊರೆತ ಉತ್ತರವು, ಆತನ ಬಳಿಗೆ ಯಾರು ಹೋಗಬಹುದು, ಯಾರು ದೂರ ನಿಲ್ಲಬೇಕು ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸಿದೆ. ಆದ್ದರಿಂದ ಈ ಪ್ರದೇಶದಲ್ಲಿ ದೇವರ ಕುರಿತ ನಂಬಿಕೆಯ ಇತಿಹಾಸವು ಜಾತಿ, ದುಡಿಮೆ ಮತ್ತು ಸ್ತ್ರೀಯರ ಸ್ಥಾನಮಾನದ ಇತಿಹಾಸವೂ ಆಗಿದೆ.

ಅಧ್ಯಯನದ ಹಿನ್ನೆಲೆ

ಮನುಷ್ಯನು ತನ್ನ ಗುಣಗಳನ್ನೇ ದೇವರಲ್ಲಿ ಆರೋಪಿಸುತ್ತಾನೆ ಎಂಬ ವಾದವನ್ನು ಜರ್ಮನಿಯ ತತ್ತ್ವಜ್ಞಾನಿ ಲುಡ್ವಿಗ್ ಫಾಯರ್‌ಬಾಕ್ 1841ರಲ್ಲಿ ವಿಸ್ತಾರವಾಗಿ ಮಂಡಿಸಿದನು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಪವಿತ್ರವೆಂದು ಭಾವಿಸಲಾಗುವ ವಸ್ತುವಿನ ಮೂಲಕ ಸಮಾಜವು ತನ್ನ ಒಗ್ಗಟ್ಟನ್ನೇ ಆರಾಧಿಸುತ್ತದೆ ಎಂದು ಪ್ರತಿಪಾದಿಸಿದನು. ಇವರಿಬ್ಬರೂ ಸಮಾಜದಿಂದ ದೇವರ ಕಡೆಗೆ ಸಾಗುವ ಪ್ರಭಾವಕ್ಕೆ ಒತ್ತು ನೀಡಿದರು. ಮ್ಯಾಕ್ಸ್ ವೆಬರ್ ಧಾರ್ಮಿಕ ನಂಬಿಕೆಯು ದುಡಿಮೆ ಮತ್ತು ಆರ್ಥಿಕ ಜೀವನವನ್ನು ರೂಪಿಸುವ ಬಗೆಯನ್ನು ಪರಿಶೀಲಿಸಿದನು. ಕೃಷ್ಣಾ ಬಯಲಿನ ಉದಾಹರಣೆಗಳಲ್ಲಿ ಈ ಎರಡೂ ದಿಕ್ಕಿನ ಪ್ರಭಾವಗಳು ಕಂಡುಬರುತ್ತವೆ.

ಗರ್ಭಗುಡಿಯ ದೇವರು

ಬಾದಾಮಿ ಚಾಲುಕ್ಯರ ಕಾಲದಲ್ಲಿ ದೇವರ ಕಲ್ಪನೆಯು ಕಲ್ಲಿನಲ್ಲಿ ಶಾಶ್ವತ ರೂಪ ಪಡೆಯಿತು. ಬಾದಾಮಿಯ ಮೂರನೆಯ ಗುಹೆಯು ವಿಷ್ಣುವಿಗೆ ಮೀಸಲಾಗಿದ್ದು, ಮಂಗಲೇಶನು ಅದನ್ನು 578ರಲ್ಲಿ ಮಾಡಿಸಿದುದಾಗಿ ಅಲ್ಲಿಯ ಶಾಸನ ತಿಳಿಸುತ್ತದೆ. ಅದೇ ಬೆಟ್ಟದಲ್ಲಿ ಶಿವನ ಗುಹೆಯೂ ಜೈನ ಗುಹೆಯೂ ಇವೆ. ಐಹೊಳೆಯ ಮೇಗುಟಿ ಜಿನಾಲಯವನ್ನು ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ ರವಿಕೀರ್ತಿಯು 634ರಲ್ಲಿ ಕಟ್ಟಿಸಿದನು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು.

ಈ ದೇವಾಲಯಗಳಲ್ಲಿ ದೇವರು ಅರಸನಂತೆ ಕಲ್ಪಿತನಾಗಿದ್ದಾನೆ. ಆತನಿಗೆ ಮನೆ, ಪರಿವಾರ, ಉಂಬಳಿಯ ಭೂಮಿ ಮತ್ತು ನಿತ್ಯಸೇವೆಗಳಿವೆ. ಮುಖಮಂಟಪ, ಸಭಾಮಂಟಪ, ಗರ್ಭಗುಡಿ ಎಂಬ ಕ್ರಮವು ದೇವರಿಗೂ ಭಕ್ತನಿಗೂ ನಡುವಿನ ಅಂತರವನ್ನು ಹಂತಹಂತವಾಗಿ ಸೂಚಿಸುತ್ತದೆ. ಯಾರು ಯಾವ ಹಂತದವರೆಗೆ ಬರಬಹುದು ಎಂಬ ನಿಯಮವು ಊರಿನ ಸಾಮಾಜಿಕ ಶ್ರೇಣಿಯನ್ನು ಪ್ರತಿಬಿಂಬಿಸಿತು. ಗುಡಿಗೆ ಭೂಮಿ ದಾನ ಮಾಡುವ ಅರಸನು ತನ್ನ ಅಧಿಕಾರಕ್ಕೆ ದೈವದ ಮನ್ನಣೆಯನ್ನೂ ಪಡೆಯುತ್ತಿದ್ದನು.

ಗ್ರಾಮದೇವತೆಗಳು

ಹಳ್ಳಿಗಳಲ್ಲಿ ದ್ಯಾಮವ್ವ, ದುರ್ಗವ್ವ ಮೊದಲಾದ ದೇವಿಯರನ್ನು ಊರಿನ ತಾಯಂದಿರೆಂದು ಭಾವಿಸಲಾಗುತ್ತದೆ. ಇವರು ಮಳೆ, ಬೆಳೆ, ದನಕರು ಮತ್ತು ರೋಗರುಜಿನಗಳಿಗೆ ಸಂಬಂಧಿಸಿದವರು. ಮುನಿದರೆ ಬೇನೆ ತರುವವಳೂ ಒಲಿದರೆ ಕಾಯುವವಳೂ ಒಬ್ಬಳೇ. ಜಾತ್ರೆಯಲ್ಲಿ ಊರಿನ ಎಲ್ಲ ಜಾತಿಗಳಿಗೂ ಒಂದೊಂದು ಕರ್ತವ್ಯವಿರುತ್ತದೆ. ಬಡಿಗನು ಮೂರ್ತಿಯ ಕೆಲಸ ಮಾಡಿದರೆ, ಮತ್ತೊಂದು ಸಮುದಾಯ ವಾದ್ಯ ನುಡಿಸುತ್ತದೆ, ಇನ್ನೊಂದು ಸಮುದಾಯ ಉಡಿ ತುಂಬುವ ಸಾಮಗ್ರಿ ಒದಗಿಸುತ್ತದೆ.

ಉತ್ತರ ಕರ್ನಾಟಕದಲ್ಲಿ ಪ್ರಚಲಿತವಿರುವ ದೇವಿಯ ಕಥೆಯೊಂದರಂತೆ, ಅಸ್ಪೃಶ್ಯನೆನಿಸಿದ ಯುವಕನೊಬ್ಬನು ಜಾತಿ ಮರೆಮಾಚಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾಗುತ್ತಾನೆ. ಸತ್ಯ ತಿಳಿದಾಗ ಆಕೆ ಉಗ್ರರೂಪ ತಾಳುತ್ತಾಳೆ. ಹಬ್ಬದಲ್ಲಿ ಬಲಿಯಾಗುತ್ತಿದ್ದ ಕೋಣವು ಆ ಗಂಡನ ಸಂಕೇತವೆಂದು ಹೇಳಲಾಗುತ್ತದೆ. ಅಂತರ್ಜಾತಿ ವಿವಾಹದ ಭಯವನ್ನು ಈ ಕಥೆ ದೈವದ ಕೋಪವಾಗಿ ಪರಿವರ್ತಿಸಿದೆ. ಹಬ್ಬದಲ್ಲಿ ದಲಿತರಿಗೆ ಅನಿವಾರ್ಯ ಪಾತ್ರವಿದ್ದರೂ ಆ ಪಾತ್ರವೇ ಅವರ ಕೆಳಸ್ಥಾನವನ್ನು ಪ್ರತಿಬಾರಿ ನೆನಪಿಸುವಂತಹದು. ರಾಜ್ಯದಲ್ಲಿ ಪ್ರಾಣಿಬಲಿಯನ್ನು 1959ರ ಕಾಯಿದೆಯಿಂದ ನಿಷೇಧಿಸಲಾಗಿದೆ.

ಇಷ್ಟಲಿಂಗದ ಕಲ್ಪನೆ

12ನೆಯ ಶತಮಾನದ ಶರಣ ಚಳವಳಿಯು ದೇವರ ಸ್ಥಾನವನ್ನೇ ಬದಲಾಯಿಸಿತು. ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮವು ಬಾಗಲಕೋಟೆ ಜಿಲ್ಲೆಯಲ್ಲಿದ್ದು, ಬಸವಣ್ಣನು ಇಲ್ಲಿ ವಿದ್ಯಾಭ್ಯಾಸ ಮಾಡಿದನೆಂದು ಪರಂಪರೆ ಹೇಳುತ್ತದೆ. ಆತನ ವಚನಗಳ ಅಂಕಿತವು ಕೂಡಲಸಂಗಮದೇವ. ಶರಣರು ಸ್ಥಾವರಲಿಂಗದ ಬದಲು ಭಕ್ತನು ದೇಹದ ಮೇಲೆ ಧರಿಸುವ ಇಷ್ಟಲಿಂಗವನ್ನು ಉಪಾಸನೆಯ ಕೇಂದ್ರವಾಗಿಸಿದರು. ಹೀಗೆ ದೇಹವೇ ದೇಗುಲವಾಯಿತು.

ಇದರ ಸಾಮಾಜಿಕ ಪರಿಣಾಮಗಳು ಹೀಗಿವೆ:

- ದೇವರು ಅಂಗದ ಮೇಲೇ ಇರುವುದರಿಂದ ಪೂಜಾರಿ, ಗುಡಿ ಮತ್ತು ತೀರ್ಥಯಾತ್ರೆಗಳ ಮಧ್ಯಸ್ಥಿಕೆ ಅನಗತ್ಯವಾಯಿತು.
- ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಲಾಯಿತು. ಇದರಿಂದ ಸ್ತ್ರೀಯರಿಗೆ ಉಪಾಸನೆಯ ಹಕ್ಕು ಅಡೆತಡೆಯಿಲ್ಲದೆ ದೊರೆಯಿತು. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವ ಮೊದಲಾದವರು ವಚನಗಳನ್ನು ರಚಿಸಿದರು.
- ದುಡಿಮೆಯು ಕಾಯಕವೆಂಬ ಹೆಸರಿನಲ್ಲಿ ಆರಾಧನೆಯ ಗೌರವ ಪಡೆಯಿತು. ಗಳಿಸಿದುದನ್ನು ಹಂಚಿ ಉಣ್ಣುವುದು ದಾಸೋಹವೆನಿಸಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಮೊದಲಾದವರ ಹೆಸರುಗಳಲ್ಲಿ ಅವರ ಕುಲ ಅಥವಾ ಕಾಯಕವೇ ಸೇರಿಕೊಂಡಿದೆ.

ಕೈಮಗ್ಗ ಮತ್ತು ವಿದ್ಯುತ್ ಮಗ್ಗಗಳಿಗೆ ಹೆಸರಾದ ರಬಕವಿ-ಬನಹಟ್ಟಿಯಂತಹ ನೇಕಾರರ ಊರುಗಳಿಗೆ ಕಾಯಕದ ಈ ವಿಚಾರ ಹತ್ತಿರವಾದುದು. ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯನನ್ನು ನೇಕಾರ ಸಮುದಾಯಗಳು ತಮ್ಮ ಹಿರಿಯನೆಂದು ಗೌರವಿಸುತ್ತವೆ.

ಈ ಕಲ್ಪನೆಯು ಮದುವೆಯ ಸಂಬಂಧವನ್ನು ಮುಟ್ಟಿದಾಗ ತೀವ್ರ ಪ್ರತಿರೋಧ ಎದುರಾಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹದ ಕಾರಣ ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಲಾಯಿತೆಂದು ಪರಂಪರೆ ಹೇಳುತ್ತದೆ. ಅದರ ಬೆನ್ನಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ ಬಿಜ್ಜಳನ ಹತ್ಯೆಯಾಯಿತು, ಶರಣರು ಚದುರಿಹೋದರು.

ಕಾಲಾನಂತರದಲ್ಲಿ ಶರಣರೇ ದೇವರಾದರು. ತೇರದಾಳದಲ್ಲಿ ಅಲ್ಲಮಪ್ರಭುವಿನ ದೇವಾಲಯವಿದೆ, ಚಿಮ್ಮಡದಲ್ಲಿ ಪ್ರಭುಲಿಂಗೇಶ್ವರನ ಜಾತ್ರೆ ನಡೆಯುತ್ತದೆ, ಕೂಡಲಸಂಗಮವೇ ಯಾತ್ರಾಸ್ಥಳವಾಗಿದೆ. ಲಿಂಗಾಯತರಲ್ಲಿಯೂ ಒಳಪಂಗಡಗಳು ಗಟ್ಟಿಯಾದವು. ಆದರೆ ದಾಸೋಹದ ಪದ್ಧತಿ ಮಠ ಮತ್ತು ಜಾತ್ರೆಗಳಲ್ಲಿ ಮುಂದುವರಿದಿದೆ. ಫ. ಗು. ಹಳಕಟ್ಟಿ (1880–1964) ಅವರು ವಿಜಯಪುರದಲ್ಲಿದ್ದು ವಚನಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ ಶರಣರ ಮೂಲ ವಿಚಾರಗಳು ಮತ್ತೆ ಸಾರ್ವಜನಿಕ ಚರ್ಚೆಗೆ ಬಂದವು.

ಜೈನ ಕಲ್ಪನೆ

ಜೈನ ಧರ್ಮವು ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ. ತೀರ್ಥಂಕರರು ಕರ್ಮವನ್ನು ಗೆದ್ದ ಆದರ್ಶ ಪುರುಷರು. ಅವರಿಂದ ವರ ಬೇಡಲಾಗುವುದಿಲ್ಲ, ಅವರ ಮಾರ್ಗವನ್ನು ಅನುಸರಿಸಲಾಗುತ್ತದೆ. ತೇರದಾಳದಲ್ಲಿ 12ನೆಯ ಶತಮಾನದಲ್ಲಿ ಗೊಂಕ ಎಂಬ ಮಾಂಡಲಿಕನು ನೇಮಿನಾಥ ಬಸದಿಯನ್ನು ಕಟ್ಟಿಸಿದುದು ಶಾಸನದಿಂದ ತಿಳಿಯುತ್ತದೆ. ಅಹಿಂಸೆ, ಆಹಾರ ನಿಯಮ ಮತ್ತು ದಾನದ ಆಚರಣೆಗಳಲ್ಲಿ ಈ ಕಲ್ಪನೆಯ ಪ್ರಭಾವ ಕಾಣುತ್ತದೆ.

ಯಲ್ಲಮ್ಮ ಮತ್ತು ದೇವದಾಸಿ ಪದ್ಧತಿ

ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನನ್ನು ಜಮದಗ್ನಿಯ ಪತ್ನಿ, ಪರಶುರಾಮನ ತಾಯಿ ರೇಣುಕೆಯೆಂದು ಪೂಜಿಸಲಾಗುತ್ತದೆ. ಗಂಡನ ಆಜ್ಞೆಯಂತೆ ಮಗನಿಂದಲೇ ತಲೆ ಕಡಿಸಿಕೊಂಡು ಮತ್ತೆ ಜೀವ ಪಡೆದವಳೆಂಬ ಕಥೆ ಆಕೆಯದು. ಹೊಸ್ತಿಲ ಹುಣ್ಣಿಮೆಯಂದು ದೇವಿ ವಿಧವೆಯಾಗುತ್ತಾಳೆ, ಭರತ ಹುಣ್ಣಿಮೆಯಂದು ಮತ್ತೆ ಮುತ್ತೈದೆಯಾಗುತ್ತಾಳೆ ಎಂಬ ನಂಬಿಕೆಯಿದೆ. ಹೆಣ್ಣಿನ ನೋವನ್ನು ಸ್ವತಃ ಅನುಭವಿಸಿದ ದೇವಿಯಾದ್ದರಿಂದ ಬಡವರು, ರೋಗಿಗಳು, ಮಕ್ಕಳಿಲ್ಲದವರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಾದ ಜೋಗಪ್ಪರು ಆಕೆಯನ್ನು ತಮ್ಮವಳೆಂದು ಕಾಣುತ್ತಾರೆ. ಜಗವನ್ನು ತಲೆಯ ಮೇಲೆ ಹೊತ್ತು, ಚೌಡಿಕೆ ನುಡಿಸುತ್ತ ಹಾಡುವ ಪರಂಪರೆ ಇವರಿಂದ ಬೆಳೆದಿದೆ.

ಇದೇ ಭಕ್ತಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿಯೂ ನಡೆಯಿತು. ತಲೆಯಲ್ಲಿ ಜಟೆ ಕಾಣಿಸಿಕೊಂಡರೆ ದೇವಿಯ ಕರೆಯೆಂದು ನಂಬಲಾಗುತ್ತಿತ್ತು. ಮನೆಯ ಕಾಯಿಲೆ ಅಥವಾ ಬಡತನ, ಗಂಡುಸಂತಾನವಿಲ್ಲದ ತಂದೆತಾಯಿಯರನ್ನು ಮಗಳೇ ಸಾಕಬೇಕೆಂಬ ಲೆಕ್ಕಾಚಾರ ಇವೂ ಕಾರಣಗಳಾಗಿದ್ದವು. ದೇವರನ್ನು ವರಿಸಿದವಳು ಎಂದಿಗೂ ವಿಧವೆಯಾಗಳೆಂದು ಆಕೆಯನ್ನು ನಿತ್ಯಸುಮಂಗಲಿ ಎಂದು ಕರೆಯಲಾಯಿತು. ವಾಸ್ತವದಲ್ಲಿ ಬಹುಪಾಲು ದಲಿತ ಸಮುದಾಯಗಳ ಈ ಸ್ತ್ರೀಯರು ಮದುವೆಯ ಹಕ್ಕನ್ನು ಕಳೆದುಕೊಂಡು ಲೈಂಗಿಕ ಶೋಷಣೆಗೆ ಗುರಿಯಾದರು. ಅವರ ಮಕ್ಕಳು ತಂದೆಯ ಹೆಸರಿಲ್ಲದೆ ಅವಮಾನ ಎದುರಿಸಬೇಕಾಯಿತು.

ಬೊಂಬಾಯಿ ಪ್ರಾಂತದಲ್ಲಿ 1934ರಲ್ಲಿಯೇ ಇದರ ವಿರುದ್ಧ ಕಾಯಿದೆ ಬಂದಿತ್ತು. ಕರ್ನಾಟಕವು 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆಯನ್ನು ರೂಪಿಸಿತು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಕಾನೂನಿನಷ್ಟೇ ಮಹತ್ವದ ಪಾತ್ರ ವಹಿಸಿದವರು ಮಾಜಿ ದೇವದಾಸಿಯರು. ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು (ಮಾಸ್) ಅವರೇ ಸಂಘಟಿಸಿದರು. ಬಾಲ್ಯದಲ್ಲಿ ದೇವಿಗೆ ಅರ್ಪಿತರಾಗಿದ್ದ, ಈ ಸಂಸ್ಥೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ನಾಮಸ್ಮರಣೆಯ ಮಾರ್ಗ

ಇಂಚಗೇರಿ ಸಂಪ್ರದಾಯದಲ್ಲಿ ದೇವರನ್ನು ಗುರುವಿನಿಂದ ಪಡೆದ ನಾಮದ ಧ್ಯಾನದ ಮೂಲಕ ಅನುಭವಿಸಲಾಗುತ್ತದೆ. ಲಿಂಗಾಯತರಾದ ನಿಂಬರಗಿ ಮಹಾರಾಜರಿಂದ ಬ್ರಾಹ್ಮಣರಾದ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ದೀಕ್ಷೆ ಪಡೆದರು. ಗುರುತ್ವಕ್ಕೆ ಜಾತಿ ಅಡ್ಡಿಯಾಗದೆ ಇದ್ದುದಕ್ಕೆ ಇದು ಉದಾಹರಣೆ. ಭಾವೂಸಾಹೇಬರ ಶಿಷ್ಯರಾದ ಗುರುದೇವ ರಾ. ದ. ರಾನಡೆ ಅವರು 1886ರ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1957ರಲ್ಲಿ ನಿಂಬಾಳದಲ್ಲಿ ನಿಧನರಾದರು. ಉಪನಿಷತ್ತು, ಮರಾಠಿ ಸಂತರು, ಹಿಂದಿ ಸಂತಕವಿಗಳು ಹಾಗೂ ಕನ್ನಡದ ಶರಣ-ದಾಸರ ಅನುಭಾವವನ್ನು ಅವರು ಒಂದೇ ಅನುಭವದ ಹಲವು ನಿರೂಪಣೆಗಳೆಂದು ವಿವರಿಸಿದರು. ಇದೇ ಸಂಪ್ರದಾಯದ ಮಾಧವಾನಂದ ಪ್ರಭುಗಳು ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದರು ಮತ್ತು ಅಂತರ್ಜಾತಿ ವಿವಾಹಗಳನ್ನು ಪ್ರೋತ್ಸಾಹಿಸಿದರು.

ಮೊಹರಂ ಆಚರಣೆ

ಕ್ರಿ.ಶ. 680ರ ಕರ್ಬಲಾ ಯುದ್ಧದಲ್ಲಿ ಮಡಿದ ಹುಸೇನರ ಸ್ಮರಣೆಯಾದ ಮೊಹರಂ ಅನ್ನು ಈ ಭಾಗದ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಆಚರಿಸುತ್ತಾರೆ. ನಿರಾಕಾರ ದೇವರನ್ನು ನಂಬುವ ಧರ್ಮದ ಶೋಕಾಚರಣೆಯು ಇಲ್ಲಿ 'ಅಲಾಯಿ ದೇವರು' ಎಂಬ ರೂಪ ಪಡೆದಿದೆ. ಪಂಜಾಗಳಿಗೆ ಹರಕೆ ಹೊರುವುದು, ಚೊಂಗೆ ಮಾಡಿ ಸಕ್ಕರೆ ಓದಿಸುವುದು, ಕನ್ನಡದ ರಿವಾಯತ್ ಪದ ಹಾಡುವುದು ರೂಢಿಯಲ್ಲಿವೆ. ಧರ್ಮಗಳ ನಡುವಿನ ನೆರೆಹೊರೆಯ ಸಂಬಂಧವನ್ನು ಇದು ಉಳಿಸಿಕೊಂಡಿದೆ.

ಚರ್ಚೆ

ಒಂದೇ ದೇವರ ಕಲ್ಪನೆಯು ಆಶ್ರಯವೂ ಬಂಧನವೂ ಆಗಬಲ್ಲದು ಎಂಬುದನ್ನು ಯಲ್ಲಮ್ಮನ ಉದಾಹರಣೆ ತೋರಿಸುತ್ತದೆ. ಶ್ರೇಣಿಯನ್ನು ನಿರಾಕರಿಸಿದ ಕಲ್ಪನೆಯ ಅನುಯಾಯಿಗಳಲ್ಲಿಯೇ ಮತ್ತೆ ಶ್ರೇಣಿ ಮೂಡಬಹುದು ಎಂಬುದು ಶರಣ ಪರಂಪರೆಯ ಇತಿಹಾಸದಿಂದ ತಿಳಿಯುತ್ತದೆ. ಶರಣರ ದೇವರ ಕಲ್ಪನೆ ಸ್ವತಂತ್ರ ಧರ್ಮದ ಆಧಾರವೇ ಎಂಬ ಪ್ರಶ್ನೆಯು, 2018ರಲ್ಲಿ ಕರ್ನಾಟಕ ಸರ್ಕಾರವು ಲಿಂಗಾಯತಕ್ಕೆ ಅಲ್ಪಸಂಖ್ಯಾತ ಧರ್ಮದ ಮಾನ್ಯತೆ ನೀಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿದಾಗ ರಾಜಕೀಯ ವಿವಾದವೂ ಆಯಿತು. ಭಾರತದ ಸಂವಿಧಾನವು 25ನೆಯ ವಿಧಿಯಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ನೀಡಿದ್ದು, 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಯಾವುದೇ ದೇವರ ಹೆಸರಿನಲ್ಲಿ ವ್ಯಕ್ತಿಯ ಘನತೆಯನ್ನು ಕಸಿಯುವ ಆಚರಣೆಗಳನ್ನು ಇಂದು ಈ ಎರಡೂ ವಿಧಿಗಳ ಬೆಳಕಿನಲ್ಲಿ ಪರಿಶೀಲಿಸಲಾಗುತ್ತದೆ.